ನಾಲ್ಕನೇ ಕಾಲಂ

ಮಾನ್ವಿ
12 ಜೂನ್ 2025

ಮೀರಾಹುಸೇನ ಕಾಕಾ ಅವರಿಗೆ,
ವಿಜಯಲಕ್ಷ್ಮಿಯ ನಮಸ್ಕಾರಗಳು.

ನಾಲ್ಕು ದಿನದಿಂದ ನಿಮಗೆ ಫೋನ್ ಮಾಡುತ್ತಿದ್ದೇನೆ. ಗಂಟೆ ಹೊಡೆದು ಹೊಡೆದು ತಾನೇ ನಿಲ್ಲುತ್ತದೆ. ನಿನ್ನೆ ಸಂಜೆ ಒಮ್ಮೆ ಕುಬ್ರಾ ಕಾಕಿ ಎತ್ತಿದರು. "ಅವ್ರು ಅಂಗಡ್ಯಾಗ ಅದಾರ. ಸಾಲಿ ಮಕ್ಕಳ ಯೂನಿಫಾರ್ಮ್ ಹೊಲ್ಯಾಕತ್ತಾರ. ನೀ ಚೀಟಿ ಬರದು ಕಳಸವ್ವ, ಓದ್ತಾರ" ಎಂದರು. ಮಾನ್ವಿಯಿಂದ ದೇವದುರ್ಗಕ್ಕೆ ಒಂದು ಮಾತು ಮುಟ್ಟಿಸಲು ಈ ಕಾಲದಲ್ಲಿ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆ. ಕಂಡಕ್ಟರ್ ಇನಾಯತ್ ನಿಮ್ಮ ಅಂಗಡಿಯ ಮುಂದೆಯೇ ಇಳಿದು ಚಹಾ ಕುಡಿಯುವುದರಿಂದ ಅವರ ಕೈಯಲ್ಲಿ ಕೊಡುತ್ತಿದ್ದೇನೆ.

ವಿಷಯ ಇಷ್ಟು. ನಮ್ಮ ರಕ್ತದಾನಿಗಳ ಬಳಗದ ಪಟ್ಟಿ ಇನ್ನು ಮೇಲೆ ಆನ್‌ಲೈನ್ ಹಾಳೆಯಲ್ಲಿಯೇ ಇರಬೇಕೆಂದು ರಾಯಚೂರಿನಲ್ಲಿ ಕಾರ್ಯದರ್ಶಿ ಉದಯಕುಮಾರ ಸರ್ ಹೇಳಿ ತಿಂಗಳಾಯಿತು. ನನ್ನ ಕಡೆಯ ಮಾನ್ವಿಯ ಇನ್ನೂರ ಅರವತ್ತು ಹೆಸರುಗಳನ್ನು ನಾನು ತುಂಬಿಯಾಗಿದೆ. ನಿಮ್ಮ ದೇವದುರ್ಗದ ನೋಟ್‌ಬುಕ್ಕಿನಲ್ಲಿರುವ ನಾನೂರ ಹನ್ನೆರಡರಲ್ಲಿ ಇಂದಿನವರೆಗೆ ತುಂಬಿದ್ದು ಮೂರು. ಆ ಮೂರರಲ್ಲಿ ಎರಡು ನಿಮ್ಮದೇ ಹೆಸರು.

ಮೇ ತಿಂಗಳಲ್ಲಿ ರಾಯಚೂರಿನ ತರಬೇತಿಯಲ್ಲಿ ಸರ್ ಎರಡು ತಾಸು ವಿವರಿಸಿದರು. ಲ್ಯಾಪ್‌ಟಾಪಿನ ಒಳಗೆ ಏನೂ ಇಟ್ಟುಕೊಳ್ಳಬೇಕಾಗಿಲ್ಲ, ಬ್ರೌಸರ್ ತೆರೆದರೆ ಮೇಜು, ಹಾಳೆ, ಫೈಲು ಎಲ್ಲ ಅಲ್ಲೇ ಇರುತ್ತವೆ, ಯಾವ ಊರಿನಿಂದಲಾದರೂ ಒಂದೇ ಹಾಳೆಯಲ್ಲಿ ಬರೆಯಬಹುದು ಎಂದರು. ನೀವು ನನ್ನ ಪಕ್ಕದಲ್ಲೇ ಕೂತು ಪ್ರತಿಯೊಂದಕ್ಕೂ ತಲೆಯಾಡಿಸಿದಿರಿ. "ತಿಳೀತಾ ಕಾಕಾ" ಎಂದು ಕೇಳಿದಾಗಲೂ ತಲೆಯಾಡಿಸಿದಿರಿ. ಬಳಗದವರು ಕೊಟ್ಟ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೋದಿರಿ. ಈಗ ನೋಡಿದರೆ ಹೀಗೆ.

ದಯವಿಟ್ಟು ದಿನಕ್ಕೆ ಹದಿನೈದು ಹೆಸರಾದರೂ ಹಾಕಿ. ಮತ್ತು ಫೋನ್ ಎತ್ತಿ.

ನಿಮ್ಮ
ವಿಜಯಲಕ್ಷ್ಮಿ


ದೇವದುರ್ಗ
20 ಜೂನ್ 2025

ಬೇಟಿ ವಿಜಯಲಕ್ಷ್ಮಿಗೆ ಮೀರಾಹುಸೇನನ ಆಶೀರ್ವಾದಗಳು.

ಕಾಗದ ಬಂತು. ಬರೆದಿದ್ದು ಒಳ್ಳೆಯದಾಯಿತು. ಹೀಗೆಯೇ ಬರೆಯುತ್ತಿರು. ಅಂಗಡಿಯಲ್ಲಿ ಎರಡು ಮಷಿನ್ ಓಡುವಾಗ ಫೋನಿನಲ್ಲಿ ಮಾತಾಡುವುದು ಆಗದ ಕೆಲಸ.

ನಾನು ತುಂಬುತ್ತಿಲ್ಲ ಎಂದು ನೀನು ಸಿಟ್ಟಾಗಿರುವೆ. ನನ್ನ ಸಂಕಟವನ್ನೂ ಕೇಳು. ಲ್ಯಾಪ್‌ಟಾಪ್ ತೆರೆದರೆ ಮೊದಲು ಪಾಸ್‌ವರ್ಡ್ ಕೇಳುತ್ತದೆ. ಹಾಕಿದರೆ ನೀನು ನೀನೇ ಹೌದೋ ಅಲ್ಲವೋ ಎಂದು ಕೇಳುತ್ತದೆ. ಅದಕ್ಕೊಂದು ಓಟಿಪಿ. ಆ ಓಟಿಪಿ ಉದಯಕುಮಾರನ ಫೋನಿಗೆ ಹೋಗುತ್ತದೆ. ಅವನು ರಾಯಚೂರಿನಲ್ಲಿ ಊಟ ಮಾಡುತ್ತಿರುತ್ತಾನೆ. ಅವನು ಕೈ ತೊಳೆದುಕೊಂಡು ಸಂದೇಶ ಕಳಿಸುವ ಹೊತ್ತಿಗೆ ಓಟಿಪಿ ಸತ್ತಿರುತ್ತದೆ. ಇಪ್ಪತ್ತೇಳು ವರ್ಷ ನನ್ನ ನೋಟ್‌ಬುಕ್ಕು ಒಂದು ದಿನವೂ ನೀನು ಯಾರು ಎಂದು ಕೇಳಲಿಲ್ಲ.

ಒಳಗೆ ಹೋದರೆ "ಹಾಯ್ ಮೀರಾ" ಎನ್ನುತ್ತದೆ. ನನ್ನ ಹೆಸರನ್ನು ಎರಡು ತುಂಡು ಮಾಡಿ ಮುಂದಿನ ತುಂಡನ್ನು ಹೆಂಗಸಾಗಿಸಿದೆ. ಬರೆದದ್ದನ್ನು ಉಳಿಸುವ ಬಟನ್ ಹುಡುಕುತ್ತ ಒಂದು ಮಧ್ಯಾಹ್ನ ಹೋಯಿತು. ಸಿಗಲಿಲ್ಲ. ಉಳಿದಿರಲಿಕ್ಕಿಲ್ಲ ಎಂದು ನನ್ನ ಹೆಸರನ್ನು ಮತ್ತೊಮ್ಮೆ ಬರೆದೆ. ನೀನು ಎಣಿಸಿದ ಎರಡು ಅದೇ. ಮೊನ್ನೆ ನಾನು ಟೈಪ್ ಮಾಡುತ್ತಿರುವಾಗಲೇ ನನ್ನ ಸಾಲಿನ ಮೇಲೆ ಒಂದು ಗುಲಾಬಿ ಗೆರೆ ಓಡಾಡಿತು. ಮೇಲೆ "ಅನಾಮಿಕ ಒಂಟೆ" ಎಂದು ಬರೆದಿತ್ತು. ಯಾರ ಒಂಟೆ ಅದು? ನಮ್ಮ ದಾನಿಗಳ ಹಾಳೆಯಲ್ಲಿ ಒಂಟೆಗೆ ಏನು ಕೆಲಸ?

ನೋಟ್‌ಬುಕ್ಕು ಶುರುವಾದದ್ದು ನಿನಗೆ ಗೊತ್ತು. ತೊಂಬತ್ತೆಂಟರಲ್ಲಿ ಕುಬ್ರಾಗೆ ಹೆರಿಗೆ ಕಷ್ಟವಾದಾಗ ಅಕ್ಕಿ ಗಿರಣಿಯ ಈರಯ್ಯ ತಾನೇ ಬಂದು ರಕ್ತ ಕೊಟ್ಟ. ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವತ್ತು ಅವನ ಹೆಸರು ಬರೆದಿಟ್ಟುಕೊಂಡೆ. ಅಂಥದ್ದನ್ನು ಒಂಟೆ ಅಡ್ಡಾಡುವ ಕಡೆ ಇಡು ಎನ್ನುತ್ತೀರಿ. ಇಡುತ್ತೇನೆ. ಯೂನಿಫಾರ್ಮ್ ಗದ್ದಲ ಮುಗಿಯಲಿ.

ಮೀರಾಹುಸೇನ


ಮಾನ್ವಿ
2 ಜುಲೈ 2025

ಕಾಕಾ ಅವರಿಗೆ ನಮಸ್ಕಾರಗಳು.

ಆ ಒಂಟೆ ನಾನೇ. ಲಾಗಿನ್ ಆಗದೆ ಶಾಲೆಯ ಕಂಪ್ಯೂಟರ್‌ನಲ್ಲಿ ಹಾಳೆ ತೆರೆದಿದ್ದೆ. ಹೆಸರು ಗೊತ್ತಿಲ್ಲದವರಿಗೆ ಅದು ಯಾವುದಾದರೂ ಪ್ರಾಣಿಯ ಹೆಸರು ಹಚ್ಚುತ್ತದೆ. ಇನ್ನು ಮೇಲೆ ನನ್ನ ಹೆಸರಿನಲ್ಲೇ ಬರುತ್ತೇನೆ.

ಉಳಿಸುವ ಬಟನ್ ಇಲ್ಲ, ಕಾಕಾ. ನೀವು ಬರೆದ ಕ್ಷಣವೇ ತಾನಾಗಿ ಉಳಿಯುತ್ತದೆ. ಇದನ್ನೂ ಸರ್ ತರಬೇತಿಯಲ್ಲಿ ಹೇಳಿದ್ದರು. ಓಟಿಪಿ ನಿಮ್ಮ ಫೋನಿಗೇ ಬರುವಂತೆ ಮಾಡಿಸಿದ್ದೇನೆ. ಅದಕ್ಕಾಗಿ ನಿಮಗೆ ಆರು ಸಲ ಫೋನ್ ಮಾಡಬೇಕಾಯಿತು, ಏಳನೆಯದಕ್ಕೆ ಕಾಕಿ ಸಿಕ್ಕರು. ನನಗೂ ಶಾಲೆಯಿದೆ, ಮನೆಯಿದೆ. ಮಷಿನ್ ಸದ್ದು ಎಂದು ಬರೆದಿದ್ದೀರಿ. ಮಷಿನ್ ಒಂದು ನಿಮಿಷ ನಿಲ್ಲಿಸಿದರೆ ಏನಾಗುತ್ತದೆ?

ಇನ್ನೊಂದು ಮಾತು. ನೀವು ಹೆಸರಿನ ಮುಂದೆ "ಟಿಪ್ಪಣಿ" ಎಂದು ಒಂದು ಕಾಲಂ ಸೇರಿಸಿದ್ದಿರಿ. ಉದಯಕುಮಾರ ಸರ್ ಅದನ್ನು ತೆಗೆದರು. ಹೆಸರು, ಊರು, ಫೋನ್, ರಕ್ತದ ಗುಂಪು, ಕೊನೆಯ ಸಲ ಕೊಟ್ಟ ತಾರೀಖು, ಇಷ್ಟು ಸಾಕಂತೆ. ನನ್ನ ಮೇಲೆ ಸಿಟ್ಟಾಗಬೇಡಿ.

ವಿಜಯಲಕ್ಷ್ಮಿ


ದೇವದುರ್ಗ
21 ಜುಲೈ 2025

ಬೇಟಿ ವಿಜಯಲಕ್ಷ್ಮಿಗೆ,

ನಾನೂರ ಹನ್ನೆರಡೂ ಮುಗಿದವು. ನಿನ್ನೆ ಸಂಜೆ ಯಾಪಲದಿನ್ನಿಗೆ ಮದುವೆಯಾಗಿ ಹೋದ ಅಂಬಮ್ಮನ ಹೆಸರು ಹಾಕಿ ಮುಚ್ಚಿದೆ. ನಾನು ಓದುತ್ತೇನೆ ನೀವು ಒತ್ತಿ ಎಂದು ಕುಬ್ರಾ ಹೇಳಿದಳು. ಬೇಡ ಎಂದೆ. ಒಂದೊಂದು ಸಾಲನ್ನೂ ಬೆರಳಿಟ್ಟು ನಾನೇ ನೋಡಿಕೊಂಡು ಹಾಕಿದ್ದೇನೆ. ಬೆರಳು ಸೂಜಿಗೆ ಬಗ್ಗಿದಂತೆ ಈ ಕೀಲಿಗಳಿಗೆ ಬಗ್ಗುವುದಿಲ್ಲ.

ಒಂದು ದೂರು. ಗುಂಪಿನ ಮನೆಯಲ್ಲಿ ಓ ಎಂದು ಒತ್ತಿದರೆ ಸಾಕು, ನಾನು ಮುಂದೆ ಏನು ಬರೆಯುತ್ತೇನೆ ಎಂದು ಕೇಳದೆ ಅದೇ "ಓ ಪಾಸಿಟಿವ್" ಎಂದು ತುಂಬಿ ಕೂರುತ್ತದೆ. ಈರಯ್ಯ ಓ ನೆಗೆಟಿವ್. ಅವನನ್ನು ಮೂರು ಸಲ ಪಾಸಿಟಿವ್ ಮಾಡಿತು. ಅಳಿಸಿದೆ, ಬರೆದೆ, ಅಳಿಸಿದೆ, ಬರೆದೆ. ಇಷ್ಟು ಅವಸರದ ನೌಕರನನ್ನು ನಾನು ಅಂಗಡಿಯಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

ಟಿಪ್ಪಣಿ ತೆಗೆದದ್ದು ಸರಿಯಲ್ಲ. ಕವಿತಾಳದ ಶಿವರಾಜನಿಗೆ ಸೂಜಿ ಕಂಡರೆ ಆಗದು, ಮೊದಲು ಚಹಾಕ್ಕೆ ಕರೆಯಬೇಕು. ಅಮೀನನಿಗೆ ನೇರವಾಗಿ ಹೇಳಿದರೆ ಓಡಿ ಬರುತ್ತಾನೆ. ಈರಯ್ಯ ಫೋನೇ ಇಟ್ಟುಕೊಂಡಿಲ್ಲ, ಗಿರಣಿಗೇ ಹೋಗಬೇಕು. ಇವನ್ನೆಲ್ಲ ಎಲ್ಲಿ ಬರೆಯಲಿ? ಫೋನ್ ನಂಬರ್ ಇಲ್ಲದಿದ್ದರೆ ಸಾಲು ಕೆಂಪಾಗುತ್ತದೆ ಎಂದು ಈರಯ್ಯನ ಸಾಲಿನಲ್ಲಿ ನನ್ನ ನಂಬರ್ ಹಾಕಿದ್ದೇನೆ.

ಒಂದು ಮಾತ್ರ ನನಗೆ ಹಿಡಿಸಿತು. ಸಾಲಿನ ಪಕ್ಕದಲ್ಲಿ ಹಳದಿ ಚೀಟಿಯಂತೆ ನೀನು ಪ್ರಶ್ನೆ ಬರೆದಿದ್ದೆ, ಅದರ ಕೆಳಗೇ ನಾನು ಉತ್ತರ ಬರೆದೆ, ನೀನು ಕೂಡಲೇ ಮತ್ತೊಂದು ಬರೆದೆ. ಎದುರಿಗೆ ಕೂತು ಮಾತಾಡಿದ ಹಾಗಿತ್ತು.

ಮೀರಾಹುಸೇನ


ಮಾನ್ವಿ
4 ಆಗಸ್ಟ್ 2025

ಕಾಕಾ ಅವರಿಗೆ,

ಬಹಳ ಸಂತೋಷ. ಆರುನೂರ ಎಪ್ಪತ್ತೆರಡು ಹೆಸರುಗಳು ಒಂದೇ ಕಡೆ ಬಂದವು. ರಾಯಚೂರಿನ ಸಭೆಯಲ್ಲಿ ಉದಯಕುಮಾರ ಸರ್ ನಿಮ್ಮ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ಪಟ್ಟಿ ಈಗ ಅಕಾರಾದಿಯಲ್ಲಿ ಕೂತಿದೆ, ಹುಡುಕಲು ಸುಲಭ. ನೋಡಿ ಖುಷಿಪಡಿ.

ಇನ್ನು ನೋಟ್‌ಬುಕ್ಕನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಡಿ. ಇಪ್ಪತ್ತೇಳು ವರ್ಷ ದುಡಿದಿದೆ.

ವಿಜಯಲಕ್ಷ್ಮಿ


ಮಾನ್ವಿ
22 ಆಗಸ್ಟ್ 2025

ಮೀರಾಹುಸೇನ ಕಾಕಾ ಅವರಿಗೆ,

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆಯೋಣ ಎಂದುಕೊಂಡೆ, ಆಗಲಿಲ್ಲ.

ಬೆಳಿಗ್ಗೆ ಹತ್ತೂಕಾಲಿಗೆ ಉದಯಕುಮಾರ ಸರ್ ಫೋನ್ ಬಂತು. ನಮ್ಮ ಮಾನ್ವಿಯ ಜೈಬುನ್ನೀಸಾ ಅವರ ಮಗಳು ದಿಲ್ಶಾದ್, ಇಪ್ಪತ್ನಾಲ್ಕು ವರ್ಷ, ರಾಯಚೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ಇದ್ದ ಒಂದು ಬಾಟಲಿ ಹಾಕಿಯಾಗಿದೆ ಎಂದರು. ನಾನು ತರಗತಿ ಬಿಟ್ಟು ಹಾಳೆ ತೆರೆದೆ. ಓ ನೆಗೆಟಿವ್ ಎಂದು ಸೋಸಿದರೆ ಐದು ಹೆಸರು ಬಂದವು. ಈರಯ್ಯನವರ ಹೆಸರು ಅದರಲ್ಲಿ ಇರಲಿಲ್ಲ. ಅವರು ಓ ನೆಗೆಟಿವ್ ಎಂದು ನೀವು ಕಾಗದದಲ್ಲಿ ಬರೆದದ್ದು ಆ ಗಡಿಬಿಡಿಯಲ್ಲಿ ನನಗೂ ನೆನಪಾಗಲಿಲ್ಲ.

ಅಮೀನ್ ಹೊಲದಿಂದ ನೇರ ಮೋಟರ್ ಸೈಕಲ್ ಹತ್ತಿ ರಾಯಚೂರಿಗೆ ಹೋದರು. ಪರೀಕ್ಷೆ ಮಾಡಿದರೆ ಬಿ ಪಾಸಿಟಿವ್. ಕಾಲೇಜಿನ ಕಾವ್ಯಾ ಪರೀಕ್ಷೆಯ ತಯಾರಿ ಬಿಟ್ಟು ಬಸ್ಸಿನಲ್ಲಿ ಹೋದಳು. ಏ ಪಾಸಿಟಿವ್. ಶಿವರಾಜನಿಗೆ ಫೋನ್ ಮಾಡಿದರೆ "ಮೇಡಂ, ನಂದು ಎಬಿ ಅದ. ಮೂರು ಸಲ ಕೊಟ್ಟೀನಿ. ನಿಮ್ಮ ಪಟ್ಟ್ಯಾಗ ಯಾರು ಏನ್ ಬರದಾರ?" ಎಂದ. ಉಳಿದಿಬ್ಬರಲ್ಲಿ ಒಬ್ಬರು ಹೈದರಾಬಾದಿನಲ್ಲಿದ್ದಾರೆ, ಇನ್ನೊಬ್ಬರ ಫೋನ್ ಬಂದ್.

ನಿಮಗೆ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೊಂದು. ಕೊನೆಗೆ ನಿಮ್ಮ ಎದುರಿನ ಔಷಧ ಅಂಗಡಿಯ ಖಾಜಾ ಅವರ ನಂಬರ್ ಯಾರಿಂದಲೋ ಹುಡುಕಿಸಿ, ಅವರು ವಿವರವನ್ನು ಚೀಟಿಯಲ್ಲಿ ಬರೆದುಕೊಂಡು ನಿಮ್ಮ ಮುಂದೆ ಹಿಡಿದಾಗ ಒಂದು ಗಂಟೆ ದಾಟಿತ್ತು. ನೀವು ಗಿರಣಿಗೆ ಓಡಿದ್ದು, ಈರಯ್ಯನವರನ್ನು ಗಿರಣಿಯ ಗೂಡ್ಸ್ ಗಾಡಿಯಲ್ಲೇ ಕೂರಿಸಿಕೊಂಡು ಮೂರಕ್ಕೆ ರಾಯಚೂರು ಮುಟ್ಟಿಸಿದ್ದು ನಿಜ. ಅದನ್ನು ಇಲ್ಲ ಎನ್ನುವುದಿಲ್ಲ.

ದಿಲ್ಶಾದ್ ಉಳಿದಿದ್ದಾಳೆ. ಮಗು ಚೆನ್ನಾಗಿದೆ, ಹೆಣ್ಣು. ಆದರೆ ಗರ್ಭಕೋಶ ತೆಗೆದರು. ಎರಡು ತಾಸು ಮೊದಲು ರಕ್ತ ಸಿಕ್ಕಿದ್ದರೆ ಉಳಿಸಬಹುದಿತ್ತೇನೋ ಎಂದು ಅವಳ ಗಂಡ ವಸೀಮ್‌ಗೆ ಡಾಕ್ಟರ್ ಹೇಳಿದರಂತೆ.

ಹಾಳೆಯಲ್ಲಿ ನೀವು ಏನು ಮುಟ್ಟಿದಿರಿ? ಕಾವ್ಯಾ ನನ್ನ ಪಟ್ಟಿಯವಳು, ಅವಳ ಗುಂಪನ್ನು ನಾನೇ ಹಾಕಿದ್ದೆ. ಅದೂ ಬದಲಾಗಿದೆ. ಓ ಎಂದು ಒತ್ತಿದರೆ ಅದೇ ತುಂಬುತ್ತದೆ ಎಂದು ನೀವೇ ಬರೆದಿದ್ದಿರಿ. ತಿಳಿಯದಿದ್ದರೆ ಕೇಳಬೇಕಿತ್ತು. ಕೇಳಲು ಫೋನ್ ಇತ್ತು. ಫೋನನ್ನು ನೀವು ಯಾಕೆ ಎತ್ತುವುದಿಲ್ಲ?

ವಿಜಯಲಕ್ಷ್ಮಿ


ದೇವದುರ್ಗ
26 ಆಗಸ್ಟ್ 2025

ಶ್ರೀಮತಿ ವಿಜಯಲಕ್ಷ್ಮಿ ಅವರಿಗೆ,

ನಿಮ್ಮ ಕಾಗದ ಓದಿದೆ. ನೀವು ಬರೆದಿರುವುದರಲ್ಲಿ ತಪ್ಪಿಲ್ಲ.

ನಾನು ಏನು ಮುಟ್ಟಿದೆ ಎಂಬುದು ನನಗೆ ತಿಳಿಯದು. ಮುಟ್ಟಿರಬೇಕು. ಆ ಹಾಳೆಯ ಮುಂದೆ ಕೂತಾಗ ನನ್ನ ಕೈ ಎಲ್ಲಿ ಬೀಳುತ್ತದೆ, ಅದು ಏನು ಮಾಡುತ್ತದೆ ಎಂದು ಒಂದು ದಿನವೂ ಖಾತ್ರಿಯಿರಲಿಲ್ಲ. ಬಟ್ಟೆಗೆ ಕತ್ತರಿ ಹಾಕಿದರೆ ಕಣ್ಣಿಗೆ ಕಾಣುತ್ತದೆ. ಇದು ಕಾಣದೆ ಕತ್ತರಿಸುತ್ತದೆ. ಅದು ಗೊತ್ತಿದ್ದೂ ನಾನು ಒಪ್ಪಿಕೊಂಡು ಕೂತದ್ದು ನನ್ನ ತಪ್ಪು.

ಗಾಡಿಯಲ್ಲಿ ಕೂತು ಈರಯ್ಯ ನನ್ನ ಮುಖ ನೋಡಿ ನಿಧಾನವಾಗಿ ಕೇಳಿದ, "ಯಾಕೋ ಮೀರಾ, ತಡಾ ಆತೇನು?" ಹೌದು ಎಂದೆ.

ಫೋನ್ ಮೇಜಿನ ಮೇಲೆ ಇತ್ತು. ಎತ್ತಲಿಲ್ಲ.

ಲ್ಯಾಪ್‌ಟಾಪನ್ನು ಇನಾಯತ್ ಕೈಯಲ್ಲಿ ಕಳಿಸಿದ್ದೇನೆ. ದೇವದುರ್ಗದ ಹೊಣೆಯನ್ನು ಬೇರೆ ಯಾರಿಗಾದರೂ ಕೊಡಲು ಉದಯಕುಮಾರನಿಗೆ ತಿಳಿಸಿರಿ.

ಮೀರಾಹುಸೇನ


ಮಾನ್ವಿ
1 ಸೆಪ್ಟೆಂಬರ್ 2025

ಕಾಕಾ,

ಲ್ಯಾಪ್‌ಟಾಪ್ ಬಂತು. ಉದಯಕುಮಾರ ಸರ್‌ಗೆ ನಾನು ಏನೂ ಹೇಳಿಲ್ಲ. ನೀವು ಬಿಡಬೇಡಿ. ಪಟ್ಟಿ ಹೇಗೋ ಸರಿಯಾಯಿತು. ಎಲ್ಲ ಗುಂಪುಗಳೂ ಮೊದಲಿನಂತೆ ಅವರವರ ಹೆಸರಿನ ಮುಂದೆ ಬಂದಿವೆ. ಸಿಟ್ಟಿನಲ್ಲಿ ಬರೆದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ.

ಹೆಚ್ಚಿಗೆ ಏನು ಬರೆಯಲಿ, ತಿಳಿಯುತ್ತಿಲ್ಲ.

ವಿಜಯಲಕ್ಷ್ಮಿ


ದೇವದುರ್ಗ
9 ಸೆಪ್ಟೆಂಬರ್ 2025

ವಿಜಯಲಕ್ಷ್ಮಿ ಬೇಟಿ,

ನಾ ಕುಬ್ರಾ ಬೇಗಂ. ನಾ ಹೇಳಾಕತ್ತೀನಿ, ಖಾಜಾ ಬರಿಯಾಕತ್ತಾನ. ಇವ್ರಿಗಿ ಇದು ಗೊತ್ತಿಲ್ಲ. ಗೊತ್ತಾದ್ರ ನನ್ನ ಕೂಡ ಮಾತು ಬಿಡ್ತಾರ.

ಆ ಸಿಟ್ಟಿನ ಚೀಟಿ ಆದ ಮ್ಯಾಲ ನೀ ಕಳಿಸಿದ ಚೀಟಿ ಓದಿ ಮಡಚಿ ಕಿಸೆದಾಗ ಇಟ್ಕೊಂಡ್ರು. ಊಟಕ್ಕ ಕುಂತ್ರ ಒಂದು ರೊಟ್ಟಿ ಮುರಿದು ಎದ್ದು ಹೋಗ್ತಾರ. ಹನ್ನೊಂದು ಸಲ, ಹನ್ನೊಂದು ಸಲ ಅಂತ ಒಬ್ರೇ ಅಂತಿರ್ತಾರ.

ಇವ್ರಿಗಿ ಕಿವಿ ಕೇಳಂಗಿಲ್ಲ ಬೇಟಿ. ಎಡಗಿವಿ ಹೋಗಿ ಎರಡು ವರ್ಷ ಆತು. ಬಲಗಿವಿ ಈ ಬ್ಯಾಸಿಗ್ಯಾಗ ಪೂರಾ ಹೋತು. ಅಂಗಡಿಗಿ ಬಂದವ್ರ ತುಟಿ ನೋಡಿ ಮಾತಾಡ್ತಾರ, ಯಾರಿಗೂ ಗುಮಾನಿ ಬಂದಿಲ್ಲ. ಹೇಳ್ರಿ ಅಂದ್ರ ಹೇಳಂಗಿಲ್ಲ. "ಕಿವುಡ ಅಂದ್ರ ನನ್ನ ಕೈಯಿಂದ ಪುಸ್ತಕ ಕಸ್ಕೋತಾರ" ಅಂತಾರ. ಅವತ್ತು ನೀ ಫೋನ್ ಮಾಡಿದಾಗ ಇವ್ರು ಅದರ ಮುಂದೇ ಕುಂತು ಅಂಗಿಗಿ ಗುಂಡಿ ಕಾಜಾ ಹೊಲ್ಯಾಕತ್ತಿದ್ರು. ಅದು ಹೊಡಕೊಳ್ಳಾಕತ್ತಿತ್ತು, ಇವ್ರು ಹೊಲ್ಯಾಕತ್ತಿದ್ರು. ನಾ ಹಿತ್ತಲದಾಗ ಇದ್ದೆ.

ಹ್ವಾದ ಗುರುವಾರ ಒಬ್ರೇ ಮಾನ್ವಿಗಿ ಹೋಗಿ ಬಂದ್ರು. ಯಾಕಂತ ಹೇಳಲಿಲ್ಲ. ನಿನ್ನ ಮನಿಗಿ ಬಂದಿದ್ರೇನು? ನೀ ಬೈದಿಯೇನು? ಬೈದಿದ್ರೂ ನಾ ಏನೂ ಅನ್ನಲ್ಲ. ಸುಮ್ನ ಗೊತ್ತಿರ್ಲಿ ಅಂತ ಕೇಳಿದೆ.

ಕುಬ್ರಾ ಬೇಗಂ
ಬರೆದವನು ಖಾಜಾ


ಮಾನ್ವಿ
12 ಸೆಪ್ಟೆಂಬರ್ 2025

ಕಾಕಾ ಅವರಿಗೆ,

ಮಾನ್ವಿಗೆ ಬಂದಿದ್ದಿರಂತೆ. ನಮ್ಮ ಮನೆಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವ ಮುಖ ನನಗಿಲ್ಲ. ಯಾರು ಹೇಳಿದರು ಎಂದು ನೀವೂ ಕೇಳಬೇಡಿ. ನಿಮ್ಮ ಕಿವಿಯ ವಿಷಯವೂ ನನಗೆ ಗೊತ್ತಾಗಿದೆ.

ಪಟ್ಟಿ ಹೇಗೋ ಸರಿಯಾಯಿತು ಎಂದು ಬರೆದಿದ್ದೆ. ಹೇಗೋ ಅಲ್ಲ.

ಆ ಹಾಳೆ ತನ್ನಲ್ಲಿ ಆದ ಪ್ರತಿಯೊಂದು ಬದಲಾವಣೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ಎಂದು. ನಿಮ್ಮ ರಾಜೀನಾಮೆ ಬಂದ ಮೇಲೆ, ನೀವು ಏನು ಮುಟ್ಟಿದಿರಿ ಎಂದು ನಿಮಗೇ ತೋರಿಸೋಣ ಎಂದುಕೊಂಡು ಅದನ್ನು ತೆರೆದೆ. ಆಗಸ್ಟ್ ಮೂವತ್ತು, ಶನಿವಾರ ಮಧ್ಯಾಹ್ನ. ಜುಲೈ ಇಪ್ಪತ್ತರವರೆಗೆ ನಿಮ್ಮ ಹೆಸರೇ. ಒಂದೊಂದು ಸಾಲು, ನಿಧಾನವಾಗಿ, ಅಳಿಸಿ ಬರೆದು, ಅಳಿಸಿ ಬರೆದು. ನಾನೂರ ಹನ್ನೆರಡರಲ್ಲಿ ಒಂದೂ ತಪ್ಪಿಲ್ಲ.

ಆಮೇಲೆ ಆಗಸ್ಟ್ ಒಂದು, ಸಂಜೆ ನಾಲ್ಕು ಹತ್ತು. ವಿಜಯಲಕ್ಷ್ಮಿ.

ಉದಯಕುಮಾರ ಸರ್ ಪಟ್ಟಿ ಅಕಾರಾದಿಯಲ್ಲಿದ್ದರೆ ಚೆನ್ನ ಎಂದಿದ್ದರು. ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ರೂಮಿನಲ್ಲಿ ಕೂತು ಒಂದೇ ನಿಮಿಷದಲ್ಲಿ ಮಾಡಿ ಎದ್ದೆ. ಪರದೆಯಲ್ಲಿ ಮೂರು ಕಾಲಂ ಕಾಣುತ್ತಿದ್ದವು: ಹೆಸರು, ಊರು, ಫೋನ್. ಮೂರನ್ನೂ ಹಿಡಿದು ವಿಂಗಡಿಸಿದೆ. ನಾಲ್ಕನೆಯದು ರಕ್ತದ ಗುಂಪು. ಅದು ಪರದೆಯ ಬಲಗಡೆ ಆಚೆ ಇತ್ತು, ಕಾಣಲಿಲ್ಲ. ಪಕ್ಕದ ಕಾಲಂಗಳನ್ನೂ ಸೇರಿಸಲೇ ಎಂದು ಅದು ಕೇಳಿತು. ಬಸ್ಸಿಗೆ ಹೊತ್ತಾಗಿತ್ತು. ಬೇಡ ಎಂದು ಒತ್ತಿದೆ. ಆರುನೂರ ಎಪ್ಪತ್ತೆರಡು ಜನ ಎದ್ದು ಬೇರೆ ಬೇರೆ ಸಾಲಿಗೆ ಹೋದರು, ಅವರ ರಕ್ತ ಕೂತಲ್ಲೇ ಕೂತಿತು.

ಜುಲೈ ಮೂವತ್ತೊಂದರ ಪ್ರತಿಯನ್ನು ವಾಪಸ್ ತಂದೆ. ಐದು ನಿಮಿಷದ ಕೆಲಸ. ಆಮೇಲೆ ನಿಮಗೆ ಒಂದನೇ ತಾರೀಖಿನ ಕಾಗದ ಬರೆಯುವಾಗ ಮೂರು ಸಲ ಇದನ್ನು ಬರೆದೆ, ಮೂರು ಸಲವೂ ಹರಿದೆ. ದಿಲ್ಶಾದ್ ಮುಖ ಕಣ್ಣ ಮುಂದೆ ಬಂತು. ಅವಳು ಎಂಟನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು. ತಪ್ಪು ನಿಮ್ಮ ಹತ್ತಿರವೇ ಇರಲಿ ಎಂದು ಬಾಯಿ ಬಿಟ್ಟು ಅಂದುಕೊಳ್ಳಲಿಲ್ಲ. ಆದರೆ ಹಾಗೆಯೇ ಬಿಟ್ಟೆ.

ಉದಯಕುಮಾರ ಸರ್‌ಗೆ ಇವತ್ತು ಹೇಳಿದೆ. ನಿಮಗೆ ಏನು ಮಾಡಬೇಕೆನ್ನಿಸುತ್ತದೋ ಮಾಡಿ.

ವಿಜಯಲಕ್ಷ್ಮಿ


ದೇವದುರ್ಗ
20 ಸೆಪ್ಟೆಂಬರ್ 2025

ವಿಜಯಲಕ್ಷ್ಮಿ,

ನಿನ್ನ ಕಾಗದವನ್ನು ಒಂದು ವಾರ ಇಟ್ಟುಕೊಂಡೆ. ಮೊದಲು ಬರೆದಿದ್ದರೆ ಬೇರೆ ಏನೇನೋ ಬರೆಯುತ್ತಿದ್ದೆ.

ಮಾಫಿ ಕೇಳಿರುವೆಯೋ ಇಲ್ಲವೋ ಎಂದು ಹುಡುಕಿದೆ. ಕೇಳಿಲ್ಲ. ಒಳ್ಳೆಯದು. ಕೇಳಿದ್ದರೆ ಕೊಡಬೇಕೋ ಬೇಡವೋ ಎಂದು ನಾನು ಯೋಚಿಸಬೇಕಾಗುತ್ತಿತ್ತು. ಇಪ್ಪತ್ತು ದಿನ ಒಬ್ಬ ಹೆಣ್ಣುಮಗಳ ಒಡಲನ್ನು ನನ್ನ ಕೈಯಿಂದ ಕಿತ್ತೆ ಎಂದು ತಿಳಿದುಕೊಂಡು ನಾನು ಮಷಿನ್ ತುಳಿದಿದ್ದೇನೆ. ಅದರಲ್ಲಿ ಹನ್ನೆರಡು ದಿನ ನಿನಗೆ ಗೊತ್ತಿತ್ತು.

ಮಾನ್ವಿಗೆ ಯಾಕೆ ಬಂದಿದ್ದೆ ಎಂದು ಹೇಳುತ್ತೇನೆ. ಸೆಪ್ಟೆಂಬರ್ ನಾಲ್ಕಕ್ಕೆ ಜೈಬುನ್ನೀಸಾ ಅವರ ಮನೆ ವಿಚಾರಿಸಿಕೊಂಡು ಹೋದೆ. ಪಟ್ಟಿ ಕೆಡಿಸಿದವನು ನಾನು, ಫೋನ್ ಎತ್ತದವನೂ ನಾನು ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಅವರು ಬಹಳ ಹೊತ್ತು ಮಾತಾಡಿದರು. ಕೈಯಾಡಿಸಿ ಮಾತಾಡಿದರು, ಮುಖ ಅತ್ತಿತ್ತ ತಿರುಗಿಸಿದ್ದರಿಂದ ತುಟಿ ಹಿಡಿಯಲು ಆಗಲಿಲ್ಲ. ಕಣ್ಣಲ್ಲಿ ನೀರಿತ್ತು. ದಿಲ್ಶಾದ್ ಮಗುವನ್ನು ಎತ್ತಿಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. ಮಾಫ್ ಮಾಡಿದರು ಎಂದುಕೊಂಡೆ. ಸಲಾಂ ಹೇಳಿ ಬಂದೆ. ಅದೊಂದು ನೆನಪಿನ ಮೇಲೆ ಅರ್ಧ ರೊಟ್ಟಿಯಾದರೂ ತಿನ್ನುತ್ತಿದ್ದೆ.

ಈಗ ಅದೂ ಸುಳ್ಳಾಯಿತು. ನನ್ನದಲ್ಲದ ತಪ್ಪಿಗೆ ಅವರ ಮುಂದೆ ನಿಂತಿದ್ದೆ. ನೀನು ಹೋಗಬೇಕು. ಒಬ್ಬಳೇ ಬೇಡ. ಇಪ್ಪತ್ತೆಂಟು ಭಾನುವಾರ. ಹತ್ತು ಗಂಟೆಯ ಬಸ್ಸಿಗೆ ಬಂದು ನಿನ್ನ ಓಣಿಯ ಮುಂದೆ ಇಳಿಯುತ್ತೇನೆ. ಫೋನ್ ಎತ್ತದಿದ್ದುದು ನನ್ನದು, ಅದನ್ನು ನಾನು ಹೇಳುತ್ತೇನೆ. ಉಳಿದದ್ದನ್ನು ನೀನು ಹೇಳು. ಅವರು ಏನೆನ್ನುತ್ತಾರೋ ಅದನ್ನು ಆಮೇಲೆ ನನಗೆ ಕಾಗದದಲ್ಲಿ ಬರೆದು ಕೊಡು. ಒಳ್ಳೆಯ ಮಾತಾಗಲಿ, ಬೈಗುಳವಾಗಲಿ, ಆರಿಸಬೇಡ.

ಲ್ಯಾಪ್‌ಟಾಪನ್ನು ಅವತ್ತು ಕೊಡು, ವಾಪಸ್ ಒಯ್ಯುತ್ತೇನೆ. ಅದರ ಮೇಲಿನ ಸಿಟ್ಟು ಹೋಗಿಲ್ಲ. ಆದರೆ ಆ ಹಳದಿ ಚೀಟಿಯಲ್ಲಿ ನೀನು ಬರೆದದ್ದು ನನಗೆ ಕೇಳುತ್ತದೆ. ಫೋನಿನಲ್ಲಿ ಯಾರು ಮಾತಾಡಿದರೂ ಕೇಳುವುದಿಲ್ಲ. ಇಷ್ಟೇ ಲೆಕ್ಕ. ಕಿವಿಯ ವಿಷಯ ಉದಯಕುಮಾರನಿಗೆ ನಾನೇ ಬರೆದಿದ್ದೇನೆ. ತುರ್ತು ಬಂದರೆ ಖಾಜಾನ ಅಂಗಡಿಗೆ ಫೋನ್ ಮಾಡಬೇಕೆಂದು ಹಾಳೆಯ ತಲೆಯಲ್ಲಿ ದೊಡ್ಡದಾಗಿ ಹಾಕಿಸು.

ಮೀರಾಹುಸೇನ


ಮಾನ್ವಿ
29 ಸೆಪ್ಟೆಂಬರ್ 2025

ಕಾಕಾ,

ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ "ಏನಂದ್ರು" ಎಂದು ನೀವು ಕೇಳಿದಾಗ, ನಾಳೆ ಬರೆಯುತ್ತೇನೆ ಎಂದು ಕೈಸನ್ನೆ ಮಾಡಿದೆ. ಬಸ್ಸಿನ ಸದ್ದಿನಲ್ಲಿ, ಜನರ ನಡುವೆ ಅದನ್ನು ಬರೆದು ತೋರಿಸಲು ನನಗೆ ಕೈ ಬರಲಿಲ್ಲ. ಈಗ ಬರೆಯುತ್ತೇನೆ. ಆರಿಸುವುದಿಲ್ಲ.

ಮೊದಲು ನಾಲ್ಕನೇ ತಾರೀಖಿನ ಮಾತು. ನೀವು ಚಪ್ಪಲಿ ಬಿಡುತ್ತಿದ್ದಾಗ ದಿಲ್ಶಾದ್ ನನ್ನ ಕಿವಿಯಲ್ಲಿ ಹೇಳಿದಳು. ಅವತ್ತು ಅವಳ ತಾಯಿ ನಿಮ್ಮನ್ನು ಮಾಫ್ ಮಾಡಲಿಲ್ಲ. "ಇನ್ನೊಮ್ಮಿ ಈ ಹೊಸ್ತಿಲ ತುಳಿಬ್ಯಾಡ್ರಿ" ಎಂದಿದ್ದರು. ನೀವು ತಲೆಯಾಡಿಸಿ ಸಲಾಂ ಹೇಳಿ ಹೋದಿರಿ. ಇಷ್ಟು ಬೈದರೂ ನಗುತ್ತಾನಲ್ಲ ಎಂದು ಅವರಿಗೆ ಇನ್ನೂ ಉರಿಯಿತಂತೆ. ಅದಕ್ಕೇ ನಿನ್ನೆ ನಿಮ್ಮನ್ನು ಬಾಗಿಲಲ್ಲಿ ಕಂಡು ದಾರಿ ಬಿಡದೆ ಹಾಗೆ ನಿಂತದ್ದು. ನಿಮಗೆ ಕಿವಿ ಕೇಳುವುದಿಲ್ಲ ಎಂದು ನಾನು ಹೇಳಿದೆ. ಅವರು ಸೆರಗು ಬಾಯಿಗೆ ಇಟ್ಟುಕೊಂಡು ಕೆಳಗೆ ಕೂತರು. ಚಾಪೆ ಹಾಸಿದ್ದು ಆಮೇಲೆ.

ನಾನು ಆಗಸ್ಟ್ ಒಂದರ ವಿಷಯ ಹೇಳಿದಾಗ ನೀವು ಗೋಡೆ ನೋಡುತ್ತಿದ್ದಿರಿ. ದಿಲ್ಶಾದ್ ನನ್ನನ್ನು ಒಂದೇ ಮಾತು ಕೇಳಿದಳು. "ಟೀಚರ್, ಅದು ಕೇಳಿತ್ತಲ್ರಿ, ಸೇರಸಲೇನು ಅಂತ. ಬ್ಯಾಡ ಅಂತ ಯಾಕ ಒತ್ತಿದ್ರಿ?" ಬಸ್ಸಿಗೆ ಹೊತ್ತಾಗಿತ್ತು ಎಂದೆ. ಅವಳು ಮಗುವಿನ ಟೊಪ್ಪಿಗೆ ಸರಿಮಾಡುತ್ತ ಕೂತಳು. ನಾವು ಏಳುವಾಗಲೂ ನನ್ನ ಮುಖ ನೋಡಲಿಲ್ಲ.

ಹಾಳೆಯಲ್ಲಿ ರಕ್ತದ ಗುಂಪನ್ನು ಈಗ ಹೆಸರಿನ ಪಕ್ಕದಲ್ಲೇ ತಂದು, ಯಾರೂ ವಿಂಗಡಿಸದ ಹಾಗೆ ಬೀಗ ಹಾಕಿಸಿದ್ದೇನೆ. ಟಿಪ್ಪಣಿಯ ಕಾಲಂ ವಾಪಸ್ ಬಂದಿದೆ. ಖಾಜಾ ಅವರ ನಂಬರ್ ತಲೆಯಲ್ಲಿದೆ. ಇದನ್ನೂ ಅವರಿಗೆ ಹೇಳಿದೆ.

ನೀವು ಹೊರಗೆ ಹೋದ ಮೇಲೆ ಜೈಬುನ್ನೀಸಾ ನನ್ನ ಕೈ ಹಿಡಿದು ನಿಲ್ಲಿಸಿದರು. ನನ್ನ ಚೀಲದಿಂದ ಪೆನ್ನು ತೆಗೆಯಲು ಹೇಳಿದರು. ಅವರು ಹೇಳಿದ್ದನ್ನು ಅಲ್ಲೇ ನಿಂತು ಬರೆದುಕೊಂಡೆ. ಅದು ಹೀಗಿದೆ:

"ಬರಿಯವ್ವ. ಅವತ್ತು ನಾ ಬೈದದ್ದು ಬೈದದ್ದ. ಅದನ್ನ ವಾಪಸ್ ತೊಗೊಳ್ಳಲ್ಲ. ನನ್ನ ಮಗಳಿಗಿ ಇನ್ನ ಮಕ್ಕಳಾಗಲ್ಲ. ನೀವಿಬ್ರೂ ಬಂದು ತಪ್ಪು ನಂದು, ತಪ್ಪು ನಂದು ಅಂತ ಹೇಳಿ ಹಗುರಾಗಿ ಹೋಗ್ತೀರಿ. ಆಕಿ ಹಗುರಾಗಲ್ಲ. ಇದನ್ನ ಬರಿ. ಆ ಗಾಡ್ಯಾಗ ಕುಂತು ರಕ್ತ ತಂದಾಂವ ಈಗ ಹೊರಗ ಹ್ವಾದಾಂವನ. ಅಂವ ತರಲಿಕ್ಕಂದ್ರ ಆಕಿನೂ ಇರ್ತಿರಲಿಲ್ಲ. ಅದನ್ನೂ ಬರಿ. ಒಂದು ಬರದು ಒಂದು ಬಿಡಬ್ಯಾಡ."

ಎರಡನ್ನೂ ಬರೆದಿದ್ದೇನೆ.

ವಿಜಯಲಕ್ಷ್ಮಿ